ಬರೆದದ್ದನ್ನು, ಬಿಡಿಸಿದ್ದನ್ನು ಕೆಲವರು ಯಾಕೆ ಬಚ್ಚಿಡುತ್ತಾರೆ?

ದಾವಣಗೆರೆಯಲ್ಲಿ ಕಲೆ ಅಂದರೆ ಎದುರಿಗೆ ಜನ ಕೂತಿರಬೇಕು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಚಿಂದೋಡಿ ಲೀಲಾ ಅವರು ರಂಗಕ್ಕೆ ಬಂದರೆ ಶಿಳ್ಳೆ ಬೀಳುತ್ತಿದ್ದ ಊರು. ಹಾಡು ಹಿಡಿಸಿದರೆ 'ಒನ್ಸ್ ಮೋರ್', ಹಿಡಿಸದಿದ್ದರೆ ಎದ್ದು ಹೊರಗೆ ಹೋಗಿ ಮಂಡಕ್ಕಿ ಮಿರ್ಚಿ. ತೀರ್ಪು ಅಲ್ಲಿಂದಲ್ಲಿಗೇ. ಇಂಥ ಊರಲ್ಲಿ ಹತ್ತಿಪ್ಪತ್ತು ವರ್ಷ ಬರೆದು ಯಾರಿಗೂ ತೋರಿಸದೆ ಇಟ್ಟವರಿದ್ದಾರೆ ಅಂದರೆ ನಂಬುವುದು ಕಷ್ಟ.

ಇದ್ದಾರೆ. ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ನನ್ನದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಪ್ರಾಜೆಕ್ಟ್ ರಿಪೋರ್ಟು, ಬಾಡಿಗೆ ಕರಾರು, ಇವೇ ನಮ್ಮ ಅನ್ನ. ನಡುನಡುವೆ ಒಬ್ಬರು ಬರುತ್ತಾರೆ. ಅಂಗಡಿಯಲ್ಲಿ ಬೇರೆ ಗಿರಾಕಿ ಇದ್ದರೆ ಅವರು ಹೋಗುವವರೆಗೆ ಸುಮ್ಮನೆ ಕೂರುತ್ತಾರೆ. ಆಮೇಲೆ ಕೈಚೀಲದಿಂದ ಹಳೇ ಎಲ್‌ಐಸಿ ಡೈರಿ ತೆಗೆಯುತ್ತಾರೆ. "ಇದನ್ನ ಟೈಪ್ ಮಾಡಿಕೊಡ್ರಿ. ಆದ್ರೆ ಯಾರಿಗೂ ತೋರಿಸಬ್ಯಾಡ್ರಿ." ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು ಬರೆದ ವಚನಗಳು, ರಿಟೈರ್ ಆದ ಮೇಷ್ಟ್ರ ನಾಟಕ, ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಅಮ್ಮನೊಬ್ಬರು ಬಿಡಿಸಿದ ಪೆನ್ಸಿಲ್ ಚಿತ್ರಗಳು, ಎಲ್ಲ ನನ್ನ ಮೇಜಿನ ಮೇಲೆ ಬಂದು ಹೋಗಿವೆ.

ಇಷ್ಟು ವರ್ಷ ಯಾಕೆ ಮುಚ್ಚಿಟ್ಟರು ಎಂದು ಕೇಳಿದರೆ ಜನ ಕೊಡುವ ಉತ್ತರ ಒಂದೇ: ನಾಚಿಕೆ ಸ್ವಭಾವ. ಈ ಉತ್ತರ ನನಗೆ ಸಾಲದು. ನಾಚಿಕೆಯವರು ಒಂದೆರಡು ವರ್ಷ ಮುಚ್ಚಿಡಬಹುದು, ಇಲ್ಲವೇ ಬರೆಯುವುದನ್ನೇ ಬಿಡಬಹುದು. ಇಪ್ಪತ್ತು ವರ್ಷ ಮುಚ್ಚಿಟ್ಟೂ ಬರೆಯುತ್ತಲೇ ಇದ್ದಾರೆ ಅಂದರೆ ಆ ಗುಟ್ಟಿನಿಂದ ಅವರಿಗೆ ಏನೋ ಉಪಯೋಗ ಆಗುತ್ತಿರಬೇಕು. ಕೆಲವರಿಗೆ ಗುಟ್ಟು ಕೃತಿಯನ್ನು ಕಾಯುತ್ತದೆ. ಕೆಲವರಿಗೆ ಬರೆದವರನ್ನೇ ಕಾಯುತ್ತದೆ. ಯಾವುದು ಯಾವುದನ್ನು ಕಾಯುತ್ತಿದೆ ಎಂದು ಬಿಡಿಸಿ ನೋಡಿದರೆ ವಿಷಯ ಎಷ್ಟೋ ತಿಳಿಯಾಗುತ್ತದೆ.

ಮೊದಲು ಕೃತಿಯ ಮಾತು. ಯಾರೋ ನೋಡುತ್ತಿದ್ದಾರೆ ಅಂದಾಗ ಕೈ ಬೇರೆ ಥರ ನಡೆಯುತ್ತದೆ. ರಾಬರ್ಟ್ ಝಾಯನ್ಸ್ ಎಂಬ ಮನಶ್ಶಾಸ್ತ್ರಜ್ಞ 1965ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಪಳಗಿದ ಕೆಲಸ ಜನರ ಮುಂದೆ ಇನ್ನೂ ಚೆನ್ನಾಗಿ ಆಗುತ್ತದೆ, ಇನ್ನೂ ಕೈಹತ್ತದ ಕೆಲಸ ಜನರ ಮುಂದೆ ಕೆಡುತ್ತದೆ. 1969ರಲ್ಲಿ ಅವರೂ ಸಂಗಡಿಗರೂ ಇದನ್ನು ಜಿರಲೆಗಳ ಮೇಲೆ ಪರೀಕ್ಷೆ ಮಾಡಿದರು. ನೇರ ದಾರಿಯಲ್ಲಿ ಓಡುವಾಗ ಪಕ್ಕದಲ್ಲಿ ಬೇರೆ ಜಿರಲೆಗಳು ನೋಡುತ್ತಿದ್ದರೆ ಜಿರಲೆ ಬೇಗ ಓಡಿತು. ತಿರುವು ಇರುವ ದಾರಿಯಲ್ಲಿ ಅದೇ ಪ್ರೇಕ್ಷಕರಿದ್ದರೆ ತಡವರಿಸಿತು. ಜಿರಲೆಗೂ ಸಭಾಕಂಪನ ನೋಡಿ!

ಕಂಪನಿ ನಾಟಕದವರಿಗೆ ಇದು ಯಾವ ವಿಜ್ಞಾನಿಯೂ ಹೇಳದೆ ಗೊತ್ತಿತ್ತು. ತಾಲೀಮು ಪರದೆಯ ಹಿಂದೆ, ಆಟ ಪರದೆಯ ಮುಂದೆ. ತಾಲೀಮಿನಲ್ಲಿ ಮತ್ತೆ ಮತ್ತೆ ತಪ್ಪಿದ ಮಾತು ಒಂದು ದಿನ ನಾಲಿಗೆಗೆ ಕೂರುತ್ತದೆ, ಆಮೇಲೆ ಶಿಳ್ಳೆ ಬಿದ್ದಷ್ಟೂ ಅದು ಏರುತ್ತದೆ. ಆದರೆ ನಾಟಕದವರಿಗೆ ಒಂದು ಅನುಕೂಲ ಇದೆ. ತಾಲೀಮು ಮುಗಿಯುವ ದಿನ ಮೊದಲೇ ಗೊತ್ತು. ಪೋಸ್ಟರ್ ಅಂಟಿಸಿಯಾಗಿರುತ್ತದೆ, ಟಿಕೆಟ್ ಮಾರಿಯಾಗಿರುತ್ತದೆ. ಡೈರಿಯಲ್ಲಿ ಬರೆಯುವವರಿಗೆ ಅಂಥ ತಾರೀಖು ಯಾರೂ ಕೊಟ್ಟಿರುವುದಿಲ್ಲ. ಅದಕ್ಕೇ ಒಳ್ಳೊಳ್ಳೆಯವರೂ ಜೀವನವಿಡೀ ತಾಲೀಮಿನಲ್ಲೇ ಉಳಿದುಬಿಡುತ್ತಾರೆ.

ತೆರೆಸಾ ಅಮಾಬಿಲೆ ಎಂಬ ಸಂಶೋಧಕಿ 1979ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಕಾಲೇಜು ಹುಡುಗಿಯರಿಗೆ ಕಾಗದದ ಚೂರುಗಳನ್ನು ಅಂಟಿಸಿ ಒಂದು ಚಿತ್ರ ಮಾಡಲು ಹೇಳಿದರು. ಕೆಲವರಿಗೆ ಮಾತ್ರ, ಇದನ್ನು ಕಲಾವಿದರು ನೋಡಿ ತೂಗುತ್ತಾರೆ ಎಂದು ಮೊದಲೇ ತಿಳಿಸಿದರು. ಆ ಮಾತು ಕೇಳಿದವರ ಚಿತ್ರಗಳಲ್ಲಿ ಹೊಸತನ ಕಡಿಮೆ ಇತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಯಾರೋ ಅಂಕ ಹಾಕುತ್ತಾರೆ ಎಂದಾಗ ಮನಸ್ಸು ಎರಡು ಕಡೆ ಎಳೆಯುತ್ತದೆ. ಅರ್ಧ ಚಿತ್ರದಲ್ಲಿ, ಅರ್ಧ ಅವರ ಮುಖದಲ್ಲಿ. ಅಪಾಯವಿಲ್ಲದ ದಾರಿಯನ್ನೇ ಕೈ ಹಿಡಿಯುತ್ತದೆ.

ನಮ್ಮೂರಿನ ದೃಶ್ಯಕಲಾ ಕಾಲೇಜಿನ ಹುಡುಗರು ಪೋರ್ಟ್‌ಫೋಲಿಯೊ ಪ್ರಿಂಟ್ ಹಾಕಿಸಲು ಅಂಗಡಿಗೆ ಬರುತ್ತಾರೆ. ಪೋರ್ಟ್‌ಫೋಲಿಯೊ ನೀಟಾಗಿರುತ್ತದೆ, ಮೇಷ್ಟ್ರಿಗೆ ಏನು ಬೇಕೋ ಹಾಗೆ. ಬ್ಯಾಗಿನಲ್ಲಿರುವ ಸ್ಕೆಚ್‌ಬುಕ್ ಕೇಳಿದರೆ, "ಅದು ಸುಮ್ನೆ ಗೀಚಿದ್ದು ಅಣ್ಣ" ಎಂದು ಹಿಂದೆ ಸರಿಯುತ್ತಾರೆ. ಅಪ್ಪಿತಪ್ಪಿ ಕಂಡಾಗಲೆಲ್ಲ ನನಗೆ ಆ ಗೀಚಿದ್ದೇ ಜಾಸ್ತಿ ಹಿಡಿಸಿದೆ.

ತೋರಿಸದೆ ಇರುವುದಕ್ಕೆ ಇನ್ನೊಂದು ಚಿಕ್ಕ ಕಾರಣವೂ ಇದೆ. ಟೀ ಅಂಗಡಿಯಲ್ಲಿ ಕೂತು "ಒಂದು ಕಾದಂಬರಿ ಬರೀತಿದೀನಿ" ಎಂದು ಹೇಳಿಬಿಟ್ಟರೆ ಅರ್ಧ ಕಾದಂಬರಿಕಾರ ಆಗಿಬಿಟ್ಟಂತೆ ಅನ್ನಿಸುತ್ತದೆ. ಕೇಳಿದವರ ಕಣ್ಣರಳಿದ್ದೇ ಸಂಬಳ. ಪೀಟರ್ ಗೋಲ್ವಿಟ್ಜರ್ ಮತ್ತು ಜೊತೆಗಾರರು 2009ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. 'ನಾನು ಇಂಥವನಾಗಬೇಕು' ಎಂಬ ಗುರಿಗಾಗಿ ಇಂಥ ಕೆಲಸ ಮಾಡುತ್ತೇನೆ ಎಂಬ ಉದ್ದೇಶವನ್ನು ಇನ್ನೊಬ್ಬರು ಗಮನಿಸಿಬಿಟ್ಟರೆ, ಆಮೇಲೆ ಅದಕ್ಕಾಗಿ ದುಡಿಯುವುದು ಕಡಿಮೆಯಾಗುತ್ತದೆ. ಬಾಯಿಬಿಡದೆ ಬರೆಯುವವರು ಈ ಮುಂಗಡ ಸಂಬಳವನ್ನು ಬೇಡ ಎಂದವರು.

ಕೃತಿಯನ್ನು ಕಾಯಲು ಗುಟ್ಟು ಮಾಡಿದವರಲ್ಲಿ ಎಲ್ಲರಿಗೂ ನೆನಪಾಗುವುದು ಅಮೆರಿಕದ ಕವಿ ಎಮಿಲಿ ಡಿಕಿನ್ಸನ್. 1830ರಲ್ಲಿ ಹುಟ್ಟಿ 1886ರಲ್ಲಿ ತೀರಿಕೊಂಡರು. ಬರೆದದ್ದು ಹೆಚ್ಚುಕಡಿಮೆ 1,800 ಕವಿತೆ, ಬದುಕಿದ್ದಾಗ ಅಚ್ಚಾದದ್ದು ಹತ್ತರ ಆಸುಪಾಸು. ಉಳಿದವನ್ನು ಎಷ್ಟೋ ಪಾಲು ತಾವೇ ಹಾಳೆ ಮಡಚಿ, ದಾರದಿಂದ ಹೊಲಿದು ಪುಟ್ಟ ಪುಸ್ತಕ ಮಾಡಿಟ್ಟಿದ್ದರು. ತಂಗಿ ಲವಿನಿಯಾ ಅವನ್ನು ಕಂಡದ್ದು ಅಕ್ಕ ಹೋದ ಮೇಲೆ. ಮೊದಲ ಸಂಕಲನ ಬಂದದ್ದು 1890ರಲ್ಲಿ. ಡಿಟಿಪಿಯವನಾಗಿ ನನ್ನ ಗಮನ ಹೋಗುವುದು ಬೇರೆ ಕಡೆ. ಅವರು ಗೆರೆ ಎಳೆದು ಮಾತು ನಿಲ್ಲಿಸುತ್ತಿದ್ದರು, ಎಲ್ಲೆಂದರಲ್ಲಿ ದೊಡ್ಡಕ್ಷರ ಹಾಕುತ್ತಿದ್ದರು. ಬದುಕಿದ್ದಾಗ ಅಚ್ಚಾದ ಕೆಲವೇ ಪದ್ಯಗಳನ್ನೂ ಸಂಪಾದಕರು ತಮಗೆ ಬೇಕಾದಂತೆ ತಿದ್ದಿದ್ದರು. ಹಾಗೆ ತಿದ್ದಿದ್ದನ್ನು ನೋಡಿದ ಮೇಲೆ ಉಳಿದದ್ದನ್ನು ಕೊಡಲು ಯಾರಿಗಾದರೂ ಮನಸ್ಸು ಬರುತ್ತದಾ?

ಇಲ್ಲಿ ಒಂದು ಮಾತು ಗಮನಿಸಬೇಕು. ಡಿಕಿನ್ಸನ್ ಪೂರ್ತಿ ಗುಟ್ಟಾಗೇನೂ ಇರಲಿಲ್ಲ. ಪಕ್ಕದ ಮನೆಯಲ್ಲಿದ್ದ ಅಣ್ಣನ ಹೆಂಡತಿ ಸೂಸನ್‌ಗೆ ನೂರಾರು ಪದ್ಯ ಕಳಿಸಿದ್ದರು, ಗೆಳೆಯರಿಗೆ ಕಾಗದದ ಜೊತೆ ಕಳಿಸುತ್ತಿದ್ದರು. ಬರೆದದ್ದರಲ್ಲಿ ಹೆಚ್ಚಿನದನ್ನು ಅಚ್ಚು ಹಾಕಿಸದೆ ಇಟ್ಟ ಪ್ರಾಗ್ ನಗರದ ಕತೆಗಾರ ಫ್ರಾಂಜ್ ಕಾಫ್ಕಾ ಕೂಡ ಗೆಳೆಯರ ಮುಂದೆ ಗಟ್ಟಿಯಾಗಿ ಓದುತ್ತಿದ್ದವರೇ. ಮುಚ್ಚಿಟ್ಟವರು ಎಂದು ನಾವು ಕರೆಯುವ ಹೆಚ್ಚಿನವರಿಗೆ ಒಬ್ಬಿಬ್ಬರು ಓದುಗರು ಇದ್ದೇ ಇರುತ್ತಾರೆ. ಅವರು ಬಾಗಿಲು ಹಾಕಿಕೊಂಡದ್ದು ಜಗತ್ತಿಗೆ. ಕಿಟಕಿ ಮಾತ್ರ ತೆರೆದೇ ಇತ್ತು. ಅಂಗಡಿಗೆ ಬರುವವರಲ್ಲೂ ಹಾಗೇ. ಸೊಸೆಗೆ ಗೊತ್ತಿರುತ್ತದೆ, ಮಗನಿಗೆ ಗೊತ್ತಿರುವುದಿಲ್ಲ.

ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ ಅವರ ಲೆಕ್ಕಾಚಾರ ಇನ್ನೊಂದು ಬಗೆ. ಕಂಡ ವಸ್ತುವನ್ನು ಬಿಡಿಸದೆ ಬರೀ ಬಣ್ಣ, ಸುರುಳಿ, ಆಕಾರಗಳಲ್ಲಿ ಚಿತ್ರ ಬರೆಯುವುದನ್ನು ಅವರು 1906ರಲ್ಲೇ ಶುರು ಮಾಡಿದರು. ಆ ಬಗೆಯ ಚಿತ್ರಕ್ಕೆ ಹೆಸರಾದ ಗಂಡಸರು ಇನ್ನೂ ಆ ದಾರಿಗೆ ಬಂದಿರಲಿಲ್ಲ. ಆಪ್ತ ಬಳಗಕ್ಕೆ ಕೆಲವನ್ನು ತೋರಿಸಿದ್ದರು. ಆದರೆ ಸುತ್ತಲಿನವರಿಗೆ ಇದು ಅರ್ಥವಾಗುವ ಕಾಲ ಬಂದಿಲ್ಲ ಅನ್ನಿಸಿತು. ತಾನು ಸತ್ತು ಇಪ್ಪತ್ತು ವರ್ಷ ಆಗುವವರೆಗೆ ತೋರಿಸಬೇಡಿ ಎಂದು ಬರೆದಿಟ್ಟು 1944ರಲ್ಲಿ ತೀರಿಕೊಂಡರು. ಸಾವಿರಕ್ಕೂ ಮೀರಿದ ಚಿತ್ರಗಳು ಅಳಿಯನ ಪಾಲಿಗೆ, ಅಂದರೆ ಸೋದರನ ಮಗನ ಪಾಲಿಗೆ ಬಂದವು. ದೊಡ್ಡ ಪ್ರದರ್ಶನವೊಂದರಲ್ಲಿ ಅವು ಕಾಣಿಸಿಕೊಂಡದ್ದು 1986ರಲ್ಲಿ. ಅವರು ಹೇಳಿದ ಇಪ್ಪತ್ತರ ಜಾಗದಲ್ಲಿ ನಲವತ್ತೆರಡು ವರ್ಷ ಹಿಡಿಯಿತು.

ಈಗ ಗುಟ್ಟು ಮನುಷ್ಯನನ್ನು ಕಾಯುವ ಕಡೆಗೆ ಬರೋಣ. ಇದಕ್ಕೆ ನೇಕ್ ಚಂದ್‌ರಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಕಾಣದು. ದೇಶ ಒಡೆದಾಗ ಈಚೆಗೆ ಬಂದವರು. ಚಂಡೀಗಢದಲ್ಲಿ ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರ್. ಹೊಸ ನಗರ ಕಟ್ಟಲು ಹಳೇ ಹಳ್ಳಿಗಳನ್ನು ಕೆಡವುತ್ತಿದ್ದ ಕಾಲ ಅದು. ಒಡೆದ ಬಳೆ, ಪಿಂಗಾಣಿ ಚೂರು, ಕೆಟ್ಟ ಸೈಕಲ್ ಭಾಗ, ಹೊಳೆಯ ಕಲ್ಲು, ಕೈಗೆ ಸಿಕ್ಕಿದ್ದನ್ನೆಲ್ಲ ಸೈಕಲ್ ಮೇಲೆ ಹೇರಿಕೊಂಡು ಊರಾಚೆಯ ಕಾಡಿನ ಜಾಗಕ್ಕೆ ಒಯ್ಯುತ್ತಿದ್ದರು. 1950ರ ದಶಕದ ಕೊನೆಯಿಂದ ಸುಮಾರು 18 ವರ್ಷ, ಕಚೇರಿ ಮುಗಿದ ಮೇಲೆ, ಅಲ್ಲಿ ಕೂತು ಗೊಂಬೆಗಳನ್ನು ಮಾಡಿದರು. ನೂರಾರು ಹೆಂಗಸರು, ನೀರು ಹೊರುವವರು, ಕುದುರೆ, ನವಿಲು, ಕೋತಿ.

ಇವರು ನಾಚಿಕೆಗೆ ಬಚ್ಚಿಟ್ಟವರಲ್ಲ. ಅದು ಸರ್ಕಾರಿ ಜಾಗ, ಯಾರೂ ಏನೂ ಕಟ್ಟಬಾರದ ಜಾಗ. ಸಿಕ್ಕಿಬಿದ್ದರೆ ಗೊಂಬೆಗಳೂ ಹೋಗುತ್ತವೆ, ನೌಕರಿಯೂ ಹೋಗುತ್ತದೆ. 1975ರಲ್ಲಿ ಅಧಿಕಾರಿಗಳ ಕಣ್ಣಿಗೆ ಬಿತ್ತು. ಕೆಡವಬೇಕು ಎಂದವರೂ ಇದ್ದರು. ಜನರಿಗೆ ಹಿಡಿಸಿದ್ದರಿಂದ ಉಳಿಯಿತು. 1976ರಲ್ಲಿ ರಾಕ್ ಗಾರ್ಡನ್ ಎಂದು ಬಾಗಿಲು ತೆರೆಯಿತು, ಅವರನ್ನೇ ಅದನ್ನು ನೋಡಿಕೊಳ್ಳಲು ನೇಮಿಸಿದರು. 1984ರಲ್ಲಿ ಪದ್ಮಶ್ರೀ ಬಂತು. ಮೊದಲ ವರ್ಷವೇ ಯಾರಿಗಾದರೂ ತೋರಿಸಿದ್ದರೆ? ಹತ್ತಿಪ್ಪತ್ತು ಗೊಂಬೆ ಇದ್ದಾಗ ಅದು ಬರೀ ಒತ್ತುವರಿ. ಎಕರೆಗಟ್ಟಲೆ ತುಂಬಿದ ಮೇಲೆ ಕೆಡವುವವರ ಕೈ ನಡುಗಿತು.

ಕನ್ನಡದಲ್ಲಿ ನಮಗೆ ಮುದ್ದಣ ಇದ್ದಾನೆ. ನಂದಳಿಕೆಯ ಲಕ್ಷ್ಮೀನಾರಾಯಣ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ಹಳಗನ್ನಡದಲ್ಲಿ ಬರೆದು, ಇದು ಹಳೇ ಕವಿಯೊಬ್ಬನ ಕಾವ್ಯ ಎಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದ. ಓದಿದ ವಿದ್ವಾಂಸರು ನಂಬಿದರು. 1901ರಲ್ಲಿ, ಮೂವತ್ತೊಂದರ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ. ಆ ಕವಿ ಇವನೇ ಎಂದು ನಾಡಿಗೆಲ್ಲ ತಿಳಿಯುವಾಗ ಅವನು ಇರಲಿಲ್ಲ. ಇದು ವಿಚಿತ್ರ ಗುಟ್ಟು. ಕೃತಿಯನ್ನು ಎಲ್ಲರ ಮುಂದೆ ಇಟ್ಟು ತನ್ನನ್ನು ಮಾತ್ರ ಬಚ್ಚಿಟ್ಟುಕೊಂಡ. ಡ್ರಿಲ್ ಮೇಷ್ಟ್ರು ಹಳಗನ್ನಡ ಬರೆದರೆ ಯಾರು ಗೌರವ ಕೊಡುತ್ತಾರೆ ಎಂಬ ಅಳುಕು ಇದ್ದಿರಬೇಕು ಎಂದು ನನ್ನ ಊಹೆ.

ಅಂಥ ಅಳುಕು ಈಗಲೂ ಹೋಗಿಲ್ಲ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳಿವೆ. ಸರ್ಕಾರವನ್ನು ಟೀಕಿಸುವಂತಿಲ್ಲ. ತಾಲ್ಲೂಕು ಕಚೇರಿಯ ಕತೆ ಬರೆದರೆ ಯಾವ ಸಾಲು ಟೀಕೆ, ಯಾವುದು ಕತೆ ಎಂದು ಮೇಲಿನವರು ಹೇಳಬೇಕು. ಅದಕ್ಕೇ ರಿಟೈರ್ ಆದ ತಿಂಗಳಲ್ಲೇ ಎಷ್ಟೋ ಜನರ ಕೈಚೀಲದಿಂದ ಡೈರಿ ಹೊರಬರುತ್ತದೆ. ಹೆಂಗಸರ ಮಾತು ಇನ್ನೂ ಕಷ್ಟದ್ದು. ಪ್ರೇಮದ ಬಗ್ಗೆ ಬರೆದರೆ "ಯಾರ ಬಗ್ಗೆ?" ಎಂಬ ಪ್ರಶ್ನೆ ಬರುತ್ತದೆ. ಅತ್ತೆಮನೆ ಬಗ್ಗೆ ಬರೆದರೆ ಪ್ರಶ್ನೆಯೂ ಬರುವುದಿಲ್ಲ, ಸೀದಾ ಜಗಳ. ಗಂಡಸು ಬರೆದರೆ ಕಲ್ಪನೆ, ಹೆಂಗಸು ಬರೆದರೆ ಆತ್ಮಕತೆ ಎಂದು ಓದುವ ಚಾಳಿ ನಮ್ಮಲ್ಲಿ ಇರುವವರೆಗೆ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯೇ ಅವರಿಗೆ ಗಟ್ಟಿ ಜಾಗ.

ಓದುಗರೇ ಬೇಡದ ಬರಹವೂ ಇದೆ. ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ವಿದ್ಯಾರ್ಥಿಗಳಿಗೆ ದಿನಕ್ಕೆ ಕಾಲು ಗಂಟೆಯಂತೆ ನಾಲ್ಕು ದಿನ, ತಮ್ಮ ಬದುಕಿನ ನೋವಿನ ಸಂಗತಿ ಬರೆಯಲು ಹೇಳಿದರು. ಹಾಗೆ ಬರೆದವರು ಮುಂದಿನ ತಿಂಗಳುಗಳಲ್ಲಿ ಆಸ್ಪತ್ರೆಗೆ ಹೋದದ್ದು ಕಡಿಮೆ. ಬರೆಯುವಾಗಲೇ ಇಂಥ ಬರಹದ ಕೆಲಸ ಮುಗಿದಿರುತ್ತದೆ. "ಛೆ, ಇದನ್ನ ಪ್ರಿಂಟ್ ಮಾಡಿಸ್ಬಾರ್ದಾ?" ಎಂದು ಒತ್ತಾಯ ಮಾಡುವ ನೆಂಟರಿಗೆ ಇದು ಅರ್ಥ ಆಗುವುದಿಲ್ಲ.

ತೋರಿಸುವುದಿಲ್ಲ ಎನ್ನುವುದು ಹಟವೂ ಆಗಬಹುದು. ಚಿತ್ರದುರ್ಗದವರಿಗೆ ಈ ಕತೆ ಹೊಸದಲ್ಲ. ತ.ರಾ.ಸು. ಅವರ 'ಹಂಸಗೀತೆ'ಯ ಭೈರವಿ ವೆಂಕಟಸುಬ್ಬಯ್ಯ ಟಿಪ್ಪುವಿನ ಎದುರು ಹಾಡಲು ಒಪ್ಪದೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಜಿ.ವಿ. ಅಯ್ಯರ್ 1975ರಲ್ಲಿ ಅದನ್ನು ಸಿನಿಮಾ ಮಾಡಿದರು. ಕತೆ ಅತಿಯಾಯಿತು ಅನ್ನಿಸಬಹುದು. ಆದರೆ ಅದು ಮುಂದಿಡುವ ಪ್ರಶ್ನೆ ಸುಳ್ಳಲ್ಲ. ನನ್ನ ಹಾಡನ್ನು ಯಾರು ಕೇಳಬೇಕು ಎಂದು ಹೇಳುವವರು ಯಾರು? ಕೇಳುವವನಿಗೆ ದುಡ್ಡಿದ್ದರೆ, ಗದ್ದುಗೆ ಇದ್ದರೆ ಸಾಕಾ?

ಇಷ್ಟೆಲ್ಲ ಹೇಳಿದ ಮೇಲೆ, ಗುಟ್ಟು ಎಂದು ನಾವು ಹೆಸರಿಡುವ ಎಷ್ಟೋ ಸಂಗತಿ ಗುಟ್ಟೇ ಅಲ್ಲ ಎಂಬುದನ್ನೂ ಹೇಳಬೇಕು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಸಾವಿರಾರು ಪದ ಬರುತ್ತಿದ್ದವು. ಅವನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಹಟ್ಟಿಯಲ್ಲಿ, ಹೊಲದಲ್ಲಿ, ಹಬ್ಬದಲ್ಲಿ ಹಾಡುತ್ತಲೇ ಇದ್ದರು. ಕೃಷ್ಣಮೂರ್ತಿ ಹನೂರು ಅವರಂಥವರು ಹೋಗಿ ಕೂತು ಕೇಳಿ ಬರೆದುಕೊಂಡ ಮೇಲೆ ಪುಸ್ತಕ ಓದುವವರಿಗೆ ಗೊತ್ತಾಯಿತು. ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವವೂ ಬಂತು. ಎಲೆಮರೆಯ ಕಾಯಿ ಎಂದು ಇಂಥವರನ್ನು ಹೊಗಳುತ್ತೇವೆ. ಎಲೆ ಅಡ್ಡ ಹಿಡಿದವರು ನಾವೇ ಅಲ್ವಾ?

ಅಮೆರಿಕದ ವಿವಿಯನ್ ಮೇಯರ್ ಅವರನ್ನೂ ನಾನು ಈ ಕಡೆಗೇ ಸೇರಿಸುತ್ತೇನೆ. ಶಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ಕೊರಳಲ್ಲಿ ಸದಾ ಕ್ಯಾಮೆರಾ. ಬಾಡಿಗೆ ಕಟ್ಟದ ಗೋದಾಮಿನ ಸಾಮಾನು 2007ರಲ್ಲಿ ಹರಾಜಾದಾಗ ಅವರ ನೆಗೆಟಿವ್‌ಗಳು ಬೇರೆಯವರ ಕೈಸೇರಿದವು. ಒಟ್ಟು ಲಕ್ಷಕ್ಕೂ ಮೀರಿದ ಚಿತ್ರಗಳು. ಎಷ್ಟೋ ರೋಲುಗಳನ್ನು ತೊಳೆಸಿಯೇ ಇರಲಿಲ್ಲ. 2009ರಲ್ಲಿ ತೀರಿಕೊಂಡರು, ಹೆಸರು ಬಂದದ್ದು ಆಮೇಲೆ. ಜಗತ್ತು ಇದನ್ನು ನಿಗೂಢ ಎಂದು ಕೊಂಡಾಡುತ್ತದೆ. ರೋಲ್ ತೊಳೆಸುವುದಕ್ಕೂ ಪ್ರಿಂಟ್ ಹಾಕಿಸುವುದಕ್ಕೂ ದುಡ್ಡು ಬೇಕು ಎಂಬುದು ಸ್ಟುಡಿಯೊ ನಡೆಸಿದ ಯಾರಿಗಾದರೂ ಮೊದಲು ಹೊಳೆಯುವ ಮಾತು.

ಮುಚ್ಚಿಡುವುದಕ್ಕೆ ಬೆಲೆಯೂ ಇದೆ. ನನ್ನ ಮೇಜಿಗೆ ಬರುವ ಡೈರಿಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಮೊದಲ ಪುಟದ ದೋಷವೇ ಕೊನೆಯ ಪುಟದಲ್ಲೂ ಇರುತ್ತದೆ. ಅದೇ ಪ್ರಾಸ, ಅದೇ ಅತಿಯಾದ ಕಣ್ಣೀರು. ಒಬ್ಬ ಗೆಳೆಯ ಓದಿ "ಇದು ಜಾಸ್ತಿ ಆಯ್ತು ಮಾರಾಯ" ಅಂದಿದ್ದರೆ ಎರಡನೇ ಡೈರಿಯಷ್ಟೊತ್ತಿಗೆ ಸರಿಹೋಗುತ್ತಿತ್ತು. ಕೃತಿಯನ್ನು ಕಾಯಲು ಶುರುವಾದ ಗುಟ್ಟು ಒಂದು ಹಂತದ ಮೇಲೆ ಅದನ್ನು ಬೆಳೆಯಲು ಬಿಡುವುದಿಲ್ಲ. ಗೆದ್ದಲು, ಮಳೆಗಾಲದ ತೇವ, ಮನೆ ಬದಲಾಯಿಸುವಾಗ ರದ್ದಿಯವನಿಗೆ ಹೋಗುವ ಮೂಟೆ, ಇವು ಬೇರೆ. ಅದಕ್ಕೇ ಪೂರ್ತಿ ಬಚ್ಚಿಡುವವರಿಗಿಂತ ಒಬ್ಬ ಓದುಗನನ್ನು ಇಟ್ಟುಕೊಂಡವರೇ ಜಾಣರು ಎಂದು ನನ್ನ ಅಭಿಪ್ರಾಯ. ಹೊಗಳುವವನು ಬೇಡ, ಊರಿಗೆಲ್ಲ ಡಂಗುರ ಹೊಡೆಯುವವನು ಬೇಡವೇ ಬೇಡ.

ಇನ್ನು, ತಮ್ಮ ನಂತರ ಇದೆಲ್ಲ ಏನಾಗಬೇಕು ಎಂಬ ವಿಷಯ. ಕಾಫ್ಕಾ ತನ್ನ ಹಸ್ತಪ್ರತಿಗಳನ್ನೆಲ್ಲ ಸುಟ್ಟುಹಾಕು ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟಿದ್ದರು. 1924ರಲ್ಲಿ ಕಾಫ್ಕಾ ತೀರಿಕೊಂಡರು. ಬ್ರಾಡ್ ಸುಡಲಿಲ್ಲ, ಮರುವರ್ಷದಿಂದಲೇ ಒಂದೊಂದಾಗಿ ಅಚ್ಚು ಹಾಕಿಸಿದರು. ಓದುಗನಾಗಿ ನನಗೆ ಖುಷಿ. ಆದರೆ ಸುಡು ಎಂದ ಕಾಗದವನ್ನು ನನ್ನ ಗೆಳೆಯ ಹೀಗೆ ಅಚ್ಚು ಹಾಕಿಸಿದರೆ ನಾನು ಸುಮ್ಮನಿರುತ್ತಿದ್ದೆನಾ, ಗೊತ್ತಿಲ್ಲ.

ಕಾನೂನು ಇಲ್ಲಿ ಸ್ವಲ್ಪ ನೆರವಾಗುತ್ತದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಅಚ್ಚಾಗದ ಬರಹಕ್ಕೂ ಹಕ್ಕು ಇದೆ, ಅದಕ್ಕೆ ನೋಂದಣಿ ಮಾಡಿಸಬೇಕೆಂದಿಲ್ಲ. ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತದೆ. ಬರೆದವರು ತೀರಿಕೊಂಡ ಮೇಲೆ ಮೊದಲ ಸಲ ಪ್ರಕಟವಾದರೆ ಪ್ರಕಟಣೆಯಿಂದ 60 ವರ್ಷ. ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ. ಅಚ್ಚಾಗದ ಹಸ್ತಪ್ರತಿಯನ್ನು ಉಯಿಲಿನಲ್ಲಿ ಯಾರಿಗಾದರೂ ಕೊಟ್ಟರೆ, ಬೇರೆ ಥರ ಬರೆಯದ ಹೊರತು ಅದರ ಹಕ್ಕುಸ್ವಾಮ್ಯವೂ ಅವರಿಗೇ ಹೋಗುತ್ತದೆ. ಅಂದರೆ "ನನ್ನ ಡೈರಿಗಳು ಮಗಳಿಗೆ" ಎಂದು ಬರೆದರೆ ಅಚ್ಚು ಹಾಕಿಸುವ ಹಕ್ಕನ್ನೂ ಕೊಟ್ಟಂತೆ. ಅದು ಬೇಡವಾದರೆ ಬೇಡ ಎಂದೇ ಬರೆಯಬೇಕು. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಸಾಕ್ಷಿ ಹಾಕುವವರು ಡೈರಿ ಓದಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ.